ಗಿರಣಿ ಬಾಗಿಲಿನ ಹಲಗೆ

ಬನವಾಸಿ ಕಡೆಯ ನಮ್ಮೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವಳು ದಾಕ್ಷಾಯಿಣಿ. ವಯಸ್ಸು ಐವತ್ತರ ಹತ್ತಿರ. ಮದುವೆಯಾಗಿ ಬಂದಂದಿನಿಂದ ಗಿರಣಿಯ ಸದ್ದಿನಲ್ಲೇ ಬಾಳಿದವಳು, ಮಾತೂ ಹಾಗೇ ಜೋರು. ಶಿರಸಿಯ ಹೆಂಗಸರ ಗುಂಪಿನೊಂದಿಗೆ ಹಿಮಾಲಯಕ್ಕೆ ಚಾರಣ ಹೋಗುತ್ತೇನೆ, ಮರವೂ ಬೆಳೆಯದಷ್ಟು ಎತ್ತರದಲ್ಲಿ ಟೆಂಟು ಹಾಕಿ ಮಲಗುತ್ತೇನೆ ಎಂದು ಒಂದು ದಿನ ಗಿರಣಿಯಲ್ಲೇ ಸಾರಿಬಿಟ್ಟಳು. ಮರವೇ ಇಲ್ಲದ ಮೇಲೆ ಅಲ್ಲಿ ನೋಡುವುದಾದರೂ ಏನು ಎಂದು ಹಿಟ್ಟಿಗೆ ನಿಂತವರೆಲ್ಲ ನಕ್ಕರು.

ನಗುವವರು ನಗಲಿ ಎಂದು ಅವಳು ತಯಾರಿ ಶುರು ಮಾಡಿದಳು. ಗಿರಣಿ ತೆರೆಯುವ ಮೊದಲು ಬೆನ್ನುಚೀಲಕ್ಕೆ ಜೋಳ ತುಂಬಿಕೊಂಡು ಊರ ಹಿಂದಿನ ಗುಡ್ಡ ಹತ್ತಿ ಇಳಿಯುತ್ತಿದ್ದಳು. ಸೀರೆಯ ಕೆಳಗೆ ಬೂಟು. ಕಾಲ ತುಂಬ ಗುಳ್ಳೆ ಎದ್ದವು. ಬೂಟನ್ನು ಬಾಯಿಗೆ ಬಂದಂತೆ ಬೈದಳೇ ಹೊರತು ಬಿಚ್ಚಿಡಲಿಲ್ಲ.

ಅತ್ತೆ ದೇವಕ್ಕ ಸೊಸೆಯ ಜೊತೆ ಮಾತು ಬಿಟ್ಟಳು. ಗಂಡ ಚನ್ನಬಸವ ಒಳ್ಳೆಯವನೇ, ಆದರೆ ನಾಲ್ಕು ಜನರೆದುರು ಬಾಯಿ ಬಿಡುವವನಲ್ಲ. ಮನೆಯೊಳಗಿದ್ದಾಗ ಹೆಂಡತಿಗೆ ಹೋಗಿ ಬಾ ಎಂದವನು, ಹೊರಗೆ ಯಾರಾದರೂ ಕೇಳಿದರೆ ನೆಲ ನೋಡುತ್ತಿದ್ದ. ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ದೇವಕ್ಕನ ಮೇಲೂ ಬರಲಿಲ್ಲ.

ಕೊನೆಗೆ ಮಠದ ಕಲ್ಲಯ್ಯ ಇದಕ್ಕೊಂದು ದಾರಿ ಹುಡುಕಿಕೊಂಡು ಬಂದರು. ಊರಲ್ಲಿ ಅವರ ಮಾತು ಮೀರುವವರಿಲ್ಲ.

"ಕೇದಾರಕ್ಕ ಹೊಂಟೀನಿ ಅಂತ ಒಂದ್ ಮಾತು ಹೇಳು ತಂಗಿ. ಉಡಿ ತುಂಬಿ ನಾವ ಬಸ್ ಹತ್ತಿಸ್ತೀವಿ."

ಎಲ್ಲರಿಗೂ ಸಮಾಧಾನವಾಯಿತು. ದೇವರ ಹೆಸರಿನಲ್ಲಿ ಹೆಂಗಸು ಎಷ್ಟು ದೂರ ಹೋದರೂ ನಮ್ಮೂರಿಗೆ ತಕರಾರಿಲ್ಲ. ದಾಕ್ಷಾಯಿಣಿ ಮಾತ್ರ ಕೈಗಂಟಿದ ಹಿಟ್ಟು ಕೊಡವಿದಳು.

"ನಾ ಹೋಗೂ ದಾರ್‍ಯಾಗ ಕೇದಾರ ಇಲ್ರೀ ಅಯ್ಯಾರ. ದೇವರ ಹೆಸರ ಹಿಡದು ಸುಳ್ಳು ಹೇಳಾಂಗಿಲ್ಲ. ನೀರಿಗೆ ನಡದೀನಿ, ಕಟ್ಟಿಗಿಗೆ ನಡದೀನಿ. ಒಮ್ಮೆ ನನ್ನ ಸಲುವಾಗಿ ನಡೀತೀನಿ."

ಕಲ್ಲಯ್ಯ ಮುಖ ಗಂಟಿಕ್ಕಿಕೊಂಡು ಹೋದರು.

ಹೊರಡುವ ದಿನ ಬಸ್ಸು ಗಿರಣಿಯ ಮುಂದೆಯೇ ನಿಂತಿತು. ನೋಡಿದರೆ ಕಲ್ಲಯ್ಯ ನಗುತ್ತ ನಿಂತಿದ್ದಾರೆ, ಪಕ್ಕದಲ್ಲಿ ಉಡಿ ತುಂಬಲು ತೆಂಗಿನಕಾಯಿ, ಕುಬಸದ ಕಣ ಹಿಡಿದು ದೇವಕ್ಕ. ಇದೇನು ಚಮತ್ಕಾರ ಎಂದು ಒಂದು ಕಾಲು ಮೆಟ್ಟಿಲಿನ ಮೇಲಿಟ್ಟ ದಾಕ್ಷಾಯಿಣಿ ತಿರುಗಿ ನೋಡಿದಳು. ಕರೆಂಟಿಲ್ಲ ಎಂದು ಬರೆಯುವ ಗಿರಣಿಯ ಹಲಗೆಯ ಮೇಲೆ ಗಂಡನ ಅಕ್ಷರ ಕಂಡಿತು: ಕೇದಾರ ಯಾತ್ರೆಗೆ ಹೋದ ಕಾರಣ ಗಿರಣಿ ಬಂದ್.

ಇಳಿದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋದರೆ ಹೋಗಲಿ, ಶಿರಸಿತನಕ ನಡೆದೇ ಬರುತ್ತೇನೆ, ಕಾಲು ಪಳಗಿದೆ ಎಂದಳು. ಸೆರಗಿನಿಂದ ಹಲಗೆ ಒರೆಸಿ, ಸೀಮೆಸುಣ್ಣವನ್ನು ಗಂಡನ ಕೈಗೆ ಕೊಟ್ಟಳು.

"ಗುಡ್ಡ ಹತ್ತಾಕ ಹೋಗ್ಯಾಳ ಅಂತ ಬರೀರಿ. ಯಾಕ ಅಂತ ಯಾರರೆ ಕೇಳಿದ್ರ, ಮನಸಾತು, ಹ್ವಾದ್ಲು ಅನ್ರಿ."

ಚನ್ನಬಸವ ಅವ್ವನನ್ನು ನೋಡಿದ, ಕಲ್ಲಯ್ಯನವರನ್ನು ನೋಡಿದ. ಬಸ್ಸಿನ ಕಿಟಕಿಗಳಿಂದೆಲ್ಲ ಜನ ಇವನನ್ನೇ ನೋಡುತ್ತಿದ್ದರು. ಆಮೇಲೆ ಹಲಗೆಯ ಕಡೆ ತಿರುಗಿ, ಅವಳು ಹೇಳಿದಂತೆಯೇ ಬರೆದ.

ದಾಕ್ಷಾಯಿಣಿ ಅತ್ತೆಯ ಮುಂದೆ ಸೆರಗು ಒಡ್ಡಿದಳು.

"ತುಂಬೂದಿದ್ರ ತುಂಬ್ರಿ ಅತ್ತಿ. ಗುಡ್ಡ ಹತ್ತಾಕಿಗೂ ಉಡಿ ಐತಿ."

ದೇವಕ್ಕ ಕಾಯಿ ಹಿಡಿದುಕೊಂಡೇ ಮನೆಯ ಕಡೆ ನಡೆದಳು. ದಾಕ್ಷಾಯಿಣಿ ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಸ್ಸು ಹತ್ತಿದಳು.

ಮರುದಿನ ನಾನು ಬೇಕೆಂದೇ ಅತ್ತ ಹೋದೆ. ಹಲಗೆ ಹಾಗೇ ಇತ್ತು. ಕಟ್ಟೆಯ ತುಂಬ ಜನ, ನಡುವೆ ಚನ್ನಬಸವ. ನಿನ್ನ ಹೆಂಡತಿ ಗುಡ್ಡಕ್ಕೆ ಯಾಕೆ ಹೋದಳು ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ.

ಅವನು ನೆಲ ನೋಡಲಿಲ್ಲ.

"ಮನಸಾತು," ಎಂದ. "ಹ್ವಾದ್ಲು."