ಹತ್ತಕ್ಕೆ ಆರು

ವಿಜಯವಾಡದ ನಮ್ಮ ಬ್ಯಾಂಕ್ ಶಾಖೆಯ ಮ್ಯಾನೇಜರು ಧಾರವಾಡದ ಕಡೆಯವರು. ವಾರ್ಷಿಕ ವರದಿಯಲ್ಲಿ ಕೈಕೆಳಗಿನವರ ಕೆಲಸಕ್ಕೆ ಹತ್ತಕ್ಕೆ ಆರಕ್ಕಿಂತ ಹೆಚ್ಚು ಅಂಕ ಕೊಟ್ಟವರೇ ಅಲ್ಲ. ಕೇಳಿದರೆ ಕನ್ನಡಕ ಒರೆಸುತ್ತ, “ಬೆಳೀಲಿಕ್ಕೆ ಜಾಗಾ ಬಿಡಬೇಕ್ರಿ” ಅನ್ನುತ್ತಿದ್ದರು.

ಅವರಿಗೆ ವರ್ಷಗಳಿಂದ ಸೊಂಟನೋವು. ನಮ್ಮ ಶಾಖೆಯಿರುವ ಬೆಂಜ್ ಸರ್ಕಲ್‌ನಲ್ಲಿ ಆಸ್ಪತ್ರೆಗಳಿಗೇನೂ ಬರವಿಲ್ಲ. ಆದರೆ ಅಲ್ಲಿಯ ಡಾಕ್ಟರುಗಳೆಲ್ಲ ನಮ್ಮ ಶಾಖೆಯ ಗಿರಾಕಿಗಳು. “ಗಿರಾಕಿ ಮುಂದ ಅಂಗಿ ಬಿಚ್ಚಬಾರದ್ರಿ” ಎಂದು ದೂರದ ವಿಶಾಖಪಟ್ಟಣದ ಸರ್ಜನ್ ಒಬ್ಬರನ್ನು ಆರಿಸಿಕೊಂಡರು. ತಿಂಗಳಿಗೊಮ್ಮೆ ವಿಡಿಯೋ ಕಾಲ್. ನೋವು ಹತ್ತಕ್ಕೆ ಎಷ್ಟು ಎಂದು ಸರ್ಜನ್ ಕೇಳುತ್ತಿದ್ದರು, ಇವರು ಆರು ಎನ್ನುತ್ತಿದ್ದರು. ಆರಕ್ಕೆ ಆಪರೇಷನ್ ಬೇಡ, ಮಾತ್ರೆ ಸಾಕು ಎಂದು ಅವರು ಫೋನಿಡುತ್ತಿದ್ದರು.

ಒಂದು ದಿನ ಬಿದ್ದ ಪೆನ್ನು ಎತ್ತಲು ಬಗ್ಗಿದವರು ಅಲ್ಲೇ ಮೇಜಿನ ಕೆಳಗೆ ಉರುಳಿದರು. ಅಷ್ಟರಲ್ಲಿ ಆ ತಿಂಗಳ ಕಾಲ್ ಬಂತು. ನಾನೇ ಫೋನನ್ನು ಅವರ ಮುಖಕ್ಕೆ ಹಿಡಿದೆ.

“ನೊಪ್ಪಿ ಎಂತಂಡಿ?” ಎಂದು ಸರ್ಜನ್ ತೆಲುಗಿನಲ್ಲಿ ನೋವಿನ ಅಂಕ ಕೇಳಿದರು.

ಮ್ಯಾನೇಜರು ಹಲ್ಲು ಕಚ್ಚಿ, ಬೆವರುತ್ತ, “ಸಿಕ್ಸ್” ಎಂದರು.

ನನಗೆ ತಡೆಯಲಾಗಲಿಲ್ಲ. “ಟೆನ್ ಸರ್, ಟೆನ್!” ಎಂದು ಕೂಗಿ, ಅವರು ಬಿದ್ದಿದ್ದ ಭಂಗಿಯನ್ನು ಪೂರ್ತಿ ತೋರಿಸಿದೆ.

“ಅಂಕಾ ಕೊಡೋ ಅಧಿಕಾರ ನಿಮಗ ಯಾರ್ ಕೊಟ್ರು?” ಎಂದು ಮ್ಯಾನೇಜರು ನೆಲದಿಂದಲೇ ಗುಡುಗಿದರು.

ಆಪರೇಷನ್ ಆಯಿತು. ನೆಟ್ಟಗೆ ನಡೆದುಕೊಂಡೇ ಕೆಲಸಕ್ಕೆ ಬಂದರು. ಆ ವರ್ಷ ನನ್ನ ವರದಿಯಲ್ಲಿ ಏಳು ಅಂಕವಿತ್ತು. ಪಕ್ಕದಲ್ಲಿ ಅವರದೇ ಕೈಬರಹದ ಷರಾ: “ಅಧಿಕಾರ ಮೀರಿ ವರ್ತಿಸುತ್ತಾರೆ.”