ಮೂರು ಗಂಟೆಯ ಬಸ್ಸು

ಜರ್ಮನಿಯೊಳಗ ಒಂದು ಸಣ್ಣ ಸಮ್ಮೇಳನ. ವೆಬ್ ಕೆಲಸದವರು ತಾವ ಕುರ್ಚಿ ಹಾಕಿ, ಚಹಾ ಕಾಸಿ ನಡಸೋವಂಥದ್ದು. ನನ್ನ ಸರದಿ ಬರೋತನಕ ಕುಂತಲ್ಲಿ ಕುಂದರಲಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬಸ್ಸಿನ ಟೈಮ್ ತೋರಿಸೋ ನನ್ನ ವೆಬ್‌ಪೇಜು ಸಿಗ್ನಲ್ ಕಮ್ಮಿ ಇದ್ರೂ ತೆರೀತದ ಅಂತ ವೇದಿಕಿ ಮ್ಯಾಲ ನಿಂತು ಹೇಳಾಕತ್ತಿದ್ದೆ. ಅಷ್ಟರಾಗ ಫೋನ್ ನಡುಗಿತು. ಮಸ್ಕಿಯಿಂದ ಸೋದರಮಾವ. ಕಟ್ ಮಾಡಿದೆ. ಮತ್ತ ಬಂತು, ಮತ್ತ ಕಟ್ ಮಾಡಿದೆ. ಮೂರನೇ ಸಲ, ಊರಾಗ ಯಾರಿಗೇನಾತೋ ಅಂತ ಎಲ್ಲರ ಮುಂದ ಎತ್ತಿದೆ.

“ಲಿಂಗಸುಗೂರು ಬಸ್ ಯಾವಾಗ ಬರ್ತದಲೇ?”

“ಮಾವ, ಫೋನಿನಾಗ ಪೇಜ್ ಹಾಕಿಕೊಟ್ಟೀನಲ್ಲ, ಅದನ್ನ ನೋಡ್ರೀ!” ಅಂತ ಒದರಿದೆ.

“ಅದನ್ನ ನೋಡೇ ಕೇಳಾಕತ್ತೀನಿ. ನಿನ್ನ ಪೇಜಿನಾಗ ಅದು ಮೂರಕ್ಕ ಬಂದು ಹೋಗೇದ. ನಾ ಎರಡರಿಂದ ಸ್ಟ್ಯಾಂಡಿನಾಗ ಕುಂತೀನಿ. ಇಲ್ಲಿಗೆ ಇನ್ನೂ ಬಂದಿಲ್ಲ.”