ತಂಬಿಗೆಯಲ್ಲಿ ಕಪ್ಪಾದ ರಕ್ತ

ದೇವಿಗೆ ಸಿಟ್ಟು ಬಂದಿರಲಿಲ್ಲ. ತಂಬಿಗೆಯ ತಳದಲ್ಲಿ ಹುಣಸೆಹುಳಿ ಉಳಿದಿತ್ತು, ಅಷ್ಟೇ. ಅಷ್ಟಕ್ಕೇ ನನ್ನ ಬಾಳುವೆ ಮುಗಿಸಲು ಇಡೀ ಮನೆ ಹೊರಟಿತ್ತು.

ಆಗ ನಿಜಾಮರ ಕಾಲ. ನಾನು ತಾವರಗೇರಾದಿಂದ ಮರಳಿ ಎಂಬ ಗದ್ದೆ ಸೀಮೆಯ ಊರಿಗೆ ಸೊಸೆಯಾಗಿ ಬಂದ ವರ್ಷ. ಎರೆಹೊಲದಲ್ಲಿ ಜೋಳ ಕೊಯ್ದವಳಿಗೆ ಭತ್ತದ ಕೆಸರು ತಿಳಿಯುವುದಿಲ್ಲ ಎಂಬುದು ಅತ್ತೆಯ ಮೊದಲ ತಕರಾರು. ಹೊಸ ಸೊಸೆ ಬಂದ ವರ್ಷ ಬದುವಿನ ಮೇಲಿನ ದೇವಿಗೆ ಆಡು ಕೊಡುವುದು ಆ ಮನೆಯ ಪದ್ಧತಿ. ಮೊದಲ ರಕ್ತವನ್ನು ಹಿತ್ತಾಳೆ ತಂಬಿಗೆಯಲ್ಲಿ ಹಿಡಿಯುತ್ತಾರೆ. ಪೂಜಾರಿ ಅದನ್ನು ಅಂಗೈಗೆ ಸುರಿದುಕೊಂಡು ಬಿಸಿಲಿನಲ್ಲಿ ನೋಡುತ್ತಾನೆ. ಕೆಂಪಗಿದ್ದರೆ ದೇವಿ ಕಬೂಲ್ ಮಾಡಿಕೊಂಡಳು ಎಂದು ಅರ್ಥ.

ಆ ತಂಬಿಗೆ ಬೆಳಗುವುದು ಅತ್ತೆಯ ಕೆಲಸ, ನನ್ನ ಕೈ ಸೋಕುವಂತಿರಲಿಲ್ಲ. ಹುಣಸೆಹಣ್ಣು ಹಾಕಿ ಬಂಗಾರದಂತೆ ತಿಕ್ಕಿದರು. ತಿಕ್ಕಿದ ಮೇಲೆ ಮನೆಯ ಹಂಡೆಯ ನೀರು ತಾಗಿಸಬಾರದು. ಒದ್ದೆ ಸೀರೆಯಲ್ಲಿ ಬಾವಿಗೆ ಹೋಗಿ ಮಡಿನೀರು ತಂದೇ ತೊಳೆಯಬೇಕು. ಅಂದು ಅತ್ತೆಗೆ ಸೊಂಟನೋವು. ಮಡಿಯೂ ಕೆಡಬಾರದು, ಬಾವಿಗೂ ಹೋಗಲಾಗದು. ಹಾಗಾಗಿ ತೊಳೆಯಲೇ ಇಲ್ಲ. ಹುಳಿ ರಸದ ಸಮೇತ ತಂಬಿಗೆ ದೇವಿಯ ಮುಂದೆ ಬಂತು.

ಆಡು ಕಡಿದರು. ಮೊದಲ ರಕ್ತ ತಂಬಿಗೆಗೆ, ಉಳಿದದ್ದು ಅಡಿಗೆಗೆಂದು ಅಗಲ ತಟ್ಟೆಯಂಥ ಪರಾತಕ್ಕೆ. ಪೂಜಾರಿ ತಂಬಿಗೆ ಬಗ್ಗಿಸಿದ. ಅಂಗೈಗೆ ಬಿದ್ದದ್ದು ಸೀದ ಬೆಲ್ಲದ ಬಣ್ಣ.

“ಕರ್ರಗಾಗೇತ್ರಿ. ಅವ್ವ ಒಲ್ಲೆ ಅಂದ್ಲು.”

“ಯಾಕಂತ್ರಿ?” ಎಂದು ಮಾವ ಕೇಳಿದರು.

ಪೂಜಾರಿ ಸುತ್ತ ನೋಡಿದ. ಅಲ್ಲಿ ಹೊಸದಾಗಿ ಬಂದದ್ದು ಆಡು ಮತ್ತು ನಾನು. ಆಡಿನ ತಲೆ ಆಗಲೇ ಹೋಗಿತ್ತು.

“ಸೊಸಿ ಕಾಲ್ಗುಣ ನೆಟ್ಟಗಿಲ್ಲರಿ. ತವರಿಗೆ ಕಳಿಸ್ರಿ. ಅವ್ವ ಹೂ ಕೊಟ್ಟ ಮ್ಯಾಲೆ ಕರ್ಕೊಂಡ್ರಾತು.”

“ಯಾವಾಗ ಕೊಡ್ತಾಳ್ರಿ?” ಇದು ನನ್ನ ಗಂಡನ ಪ್ರಶ್ನೆ. ಆ ದಿನ ಅವರ ಬಾಯಿಂದ ಬಂದ ಮಾತು ಅದೊಂದೇ.

“ಅವ್ವನ ಮರ್ಜಿ.”

ಹೀಗೆ ಕಳಿಸಿದವರನ್ನು ಯಾರೂ ಮತ್ತೆ ಕರೆಸುವುದಿಲ್ಲವೆಂದು ನನಗೆ ಗೊತ್ತಿತ್ತು. ಮೇಲಾಗಿ ಅತ್ತೆಯ ತಮ್ಮನ ಮಗಳು ಮದುವೆಯ ವಯಸ್ಸಿಗೆ ಬಂದು ಕೂತಿದ್ದಳು. “ಮುಂಜಾನಿ ಗಾಡಿ ಹೂಡಾಕ ಹೇಳ್ರಿ” ಎಂದು ಅತ್ತೆ ಮಾವನಿಗೆ ಹೇಳಿ ಸರಸರ ಮನೆಗೆ ನಡೆದರು. ಸೊಂಟ ಆಗಲೇ ವಾಸಿಯಾಗಿತ್ತು.

ರಕ್ತದ ಪಲ್ಲೆ ಮಾಡುವ ಕೆಲಸ ಮಾತ್ರ ಕಾಲ್ಗುಣ ಕೆಟ್ಟವಳಿಗೇ ಬಂತು. ಪರಾತದ ರಕ್ತ ಹೆಪ್ಪುಗಟ್ಟಿ ಕೆಂಪಗೇ ಇತ್ತು. ಸ್ವಲ್ಪ ಬಟ್ಟಲಿಗೆ ತೆಗೆದು, ಪಲ್ಲೆಗೆ ಹಿಂಡುವಂತೆ ಹುಣಸೆ ಹಿಂಡಿದೆ. ಬೆರಳಾಡಿಸುವಷ್ಟರಲ್ಲಿ ತಂಬಿಗೆಯದೇ ಬಣ್ಣ. ಆ ಊರಿನವರು ಹುಟ್ಟಿದಾಗಿನಿಂದ ಉಂಡ ಪಲ್ಲೆ ಅದು. ಒಲೆಯ ಮುಂದೆ ಕಪ್ಪಾದರೆ ರುಚಿ, ದೇವಿಯ ಮುಂದೆ ಕಪ್ಪಾದರೆ ಶಾಪ.

ಪರಾತ, ಬಟ್ಟಲು ಎರಡನ್ನೂ ತಂದು, ಪಡಸಾಲೆಯಲ್ಲಿ ಊಟಕ್ಕೆ ಕಾದಿದ್ದ ಪೂಜಾರಿಯ ಮುಂದಿಟ್ಟೆ.

“ಆಡು ಒಂದ, ಕುತ್ತಿಗಿ ಒಂದ. ಪರಾತದಾಗ ಕೆಂಪೈತಿ, ಹುಣಸಿ ಬಿದ್ದಲ್ಲಿ ಕರ್ರಗೈತಿ. ನನ್ನ ಕಾಲ್ಗುಣ ತಂಬಿಗಿಗಷ್ಟ ಬಡೀತೇನ್ರಿ?”

“ದೊಡ್ಡೋರ ಮುಂದ ಬಾಯಿ ಮಾಡಬ್ಯಾಡ” ಎಂದರು ಅತ್ತೆ.

“ಬಾಯಿ ಮಾಡಿಲ್ಲತ್ತಿ, ಪಲ್ಲೆ ಮಾಡಾಕತ್ತೀನಿ. ತಂಬಿಗಿ ತೊಳದಿದ್ರೇನು ನೀವು?”

ಅತ್ತೆ ಸೆರಗು ಸರಿಮಾಡಿಕೊಂಡರು. ಪೂಜಾರಿ ಬಟ್ಟಲನ್ನು ಮೂಸಿದ.

“ಅವ್ವಗ ಹುಳಿ ಒಗ್ಗಂಗಿಲ್ಲ ಅಂತ ಕಾಣ್ತೈತಿ” ಎಂದ. “ಪಲ್ಲೆ ಎಷ್ಟೊತ್ತಾಕೈತಿ ಯವ್ವಾ?”

ಮಾವ, “ಮುಂಜಾನಿ ನೋಡೂಣು” ಎಂದರು. ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು.

ರಕ್ತದೊಳಗೆ ಕಬ್ಬಿಣದ ಅಂಶ ಇರುತ್ತದಂತೆ, ಹುಳಿ ತಾಗಿದರೆ ಅದು ಬೆಳಕು ನುಂಗುವ ರೀತಿಯೇ ಬದಲಾಗುತ್ತದಂತೆ, ಅದಕ್ಕೇ ಕಪ್ಪು ಕಾಣುತ್ತದಂತೆ. ಕಾಲೇಜು ಕಲಿತ ಮೊಮ್ಮಗಳು ಹೇಳಿದ್ದು. ಇರಬಹುದು. ಅಂದು ಆ ಹುಳಿ ಬೆಳಕಿನ ಜೊತೆ ನನ್ನನ್ನೂ ನುಂಗುತ್ತಿತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗಾಡಿ ಹೂಡಿ ನಿಲ್ಲಿಸಿದ್ದರು. ಗಾಡಿ ಹತ್ತು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಹೋಗಬೇಡ ಎನ್ನುವ ಧೈರ್ಯವೂ ಇರಲಿಲ್ಲ. ನಾನು ಕಚ್ಚೆ ಬಿಗಿದು, ಬುಟ್ಟಿ ತಂದು, ತಿಪ್ಪೆಗೊಬ್ಬರವನ್ನು ಗಾಡಿಯ ತುಂಬ ತುಂಬಿ, ಎತ್ತುಗಳನ್ನು ಗದ್ದೆಯ ಕಡೆಗೆ ಹೊಡೆದೆ.